ಟೈಲ್ಸ್ ಅಡಿಯ ತಾರೀಖು

ಹರೂರು
9 ಜೂನ್ 2024

ಅದಕ್ಕೇ ಹೇಳುತ್ತಿದ್ದೆ, ಬಚ್ಚಲಿನ ಮೂಲೆಯಲ್ಲಿ ನೀರು ನಿಂತರೆ ಅದು ಜಾಲರಿಯ ತಪ್ಪಲ್ಲ, ಕೈಯ ತಪ್ಪು. ಯಾರಿಗೆ ಹೇಳುತ್ತಿದ್ದೆ ಅಂದರೆ ನಿನಗೇ, ಶಿವಲಿಂಗ. ನಿನ್ನೆ ಸಂಜೆಯೆಲ್ಲ ಈ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕರಣೆಯ ಹಿಡಿಯಿಂದ ಒಂದೊಂದೇ ಟೈಲ್ಸ್ ತಟ್ಟುತ್ತ ನಿನ್ನ ಜೊತೆ ಮಾತಾಡುತ್ತಲೇ ಇದ್ದೆ. ಆರು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ ಅನ್ನುವುದು ತಟ್ಟುವಾಗ ನೆನಪಿಗೆ ಬರಲಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವೇ ವಾಸಿ. ಬೇರೆಯವರ ಕೈಗೆ ಸಿಕ್ಕರೂ ಓದಲಾರರು. ನಿನ್ನಕ್ಕ ಹೊಸೂರಿನ ಕಡೆ ಕನ್ನಡ ಶಾಲೆಗೆ ಹೋದವಳು, ನನಗೂ ನಿನಗೂ ಕೂರಿಸಿಕೊಂಡು ಅಕ್ಷರ ತಿದ್ದಿಸಿದಳು. ನಮ್ಮ ಕಡೆ ಉಳಿದವರೆಲ್ಲ ತಮಿಳು ಓದಿದವರು.

ಮನೆ ಯಾವುದು ಅಂತ ಈಗಾಗಲೇ ಗೊತ್ತಾಗಿರಬೇಕು. ಅಕ್ಕಿ ಗಿರಣಿಯ ಹಿಂದಿನ ಬೀದಿ, ವಿಶ್ವನಾಥನ್ ಅವರದು. ನೆಲವೆಲ್ಲ ಬಿಟ್ಟುಕೊಳ್ಳುತ್ತಿದೆ, ರಿಪೇರಿ ಮಾಡಿಕೊಡಿ ಎಂದು ಕರೆದರು. ಮೊದಲು ಮಾಡಿದವರು ಯಾರೆಂದು ಕೇಳಿದೆ. "ಎವನೋ ಒರು ಕುಡಿಕಾರನ್ ಮೇಸ್ತ್ರಿ", ಯಾವನೋ ಒಬ್ಬ ಕುಡುಕ ಎಂದರು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಲಿಗೆ ಕಾಲಿಟ್ಟ ಮೇಲೆ ಕೇಳುವ ಅಗತ್ಯವೂ ಬೀಳಲಿಲ್ಲ. ಹೊಸಿಲಿನ ನಡುವಿಗೆ ಸರಿಯಾಗಿ ಒಂದು ಇಡೀ ಟೈಲ್ಸ್, ಎರಡು ಗೋಡೆಗೂ ಒಂದೇ ಅಳತೆಯ ತುಂಡು. ಇದನ್ನು ಕಲಿಸಿದವನು ನಾನು, ಕಲಿತವನು ನೀನೊಬ್ಬನೇ. ಹಾಲಿನಲ್ಲಿ ತಪ್ಪು ಹುಡುಕಿದರೆ ಹುಡುಕುವವನೇ ಸೋಲಬೇಕು.

ಆಮೇಲೆ ಮಲಗುವ ಕೋಣೆ. ಗೋಡೆಯ ಪಕ್ಕ ಎರಡು ಸಾಲು ಟೊಳ್ಳು. ಆಮೇಲೆ ಬಚ್ಚಲು. ಅದನ್ನು ನೆಲ ಅನ್ನಬೇಕೋ ಬೇಡವೋ ತಿಳಿಯದು. ತಟ್ಟಿದಲ್ಲೆಲ್ಲ ಮಡಕೆಯ ಸದ್ದು. ಸಂದಿಗೆ ತುಂಬಿದ ಗ್ರೌಟು ಉಗುರಿಗೆ ಕಿತ್ತು ಬರುತ್ತದೆ, ವಿಭೂತಿಯ ಹಾಗೆ. ನೀರು ಇಳಿಯುವ ವಾಟ ಜಾಲರಿಯ ಕಡೆಗಿಲ್ಲ, ಬಾಗಿಲ ಕಡೆಗಿದೆ. ನೀರು ಗೋಡೆಯೊಳಗೆ ಇಳಿದು, ಆಚೆ ಕೋಣೆಯಲ್ಲಿ ಮಲಗುವ ವಿಶ್ವನಾಥನ್ ಅವರ ತಾಯಿ ಪೊನ್ನಮ್ಮನ ತಲೆದಿಂಬಿನವರೆಗೆ ಒದ್ದೆ ಹತ್ತಿದೆ. ಆ ಅಜ್ಜಿ ನಮ್ಮ ಪಾಪಿರೆಡ್ಡಿಪಟ್ಟಿ ಕಡೆಯವಳು, ಕನ್ನಡದವಳು. "ಯಾವನಪ್ಪ ಈ ಗೇಮೆ ಮಾಡ್ದೋನು, ಅವುನ್ ಕೈಗೆ ಏನ್ ಬಂದಿತ್ತು?" ಎಂದಳು. ನಾನೂ ಅದನ್ನೇ ಕೇಳುತ್ತೇನೆ. ಲೇ, ನಿನ್ನ ಕೈಗೆ ಏನು ಬಂದಿತ್ತು? ಇಪ್ಪತ್ತು ವರ್ಷ ನನ್ನ ಜೊತೆಗಿದ್ದವನು ಕಲಿತದ್ದು ಇದೇನಾ? ಕಾಲೇಜಿನಲ್ಲಿ ನಮ್ಮ ಲಾಜಿಕ್ ಮೇಷ್ಟ್ರು ಎಫೆಕ್ಟ್ ನೋಡಿ ಕಾಸ್, ಅಂದರೆ ಕಾರಣ, ಹೇಳಬೇಕು ಅನ್ನುತ್ತಿದ್ದರೋ ಹೇಳಬಾರದು ಅನ್ನುತ್ತಿದ್ದರೋ, ಮರೆತೆ. ನಾನಂತೂ ಹೇಳುತ್ತೇನೆ: ನಿನ್ನ ಕೈ ಕೆಟ್ಟಿದೆ.

ಬದುಕಿರುವ ಮೇಸ್ತ್ರಿಯ ಕೆಲಸಕ್ಕೆ ಅವನಿಗೆ ತಿಳಿಸದೆ ಉಳಿ ಹಾಕಬಾರದು ಅಂತ ನನಗೆ ಕೆಲಸ ಕಲಿಸಿದವರು ಹೇಳಿದ್ದರು. ತಿಳಿಸಿದ್ದೇನೆ. ಉತ್ತರ ಬರುವತನಕ ಗೋಡೆಯ ಕೆಲಸ ಮಾಡಿಕೊಂಡಿರುತ್ತೇನೆ.

ನಾರಪ್ಪ


ತಾರಮಂಗಲ
20 ಜೂನ್

ಬಾವನಿಗೆ,

ಒಡೆಯಿರಿ. ನನ್ನನ್ನು ಕೇಳಬೇಕಾದ್ದಿಲ್ಲ. ಅಕ್ಕ ಸತ್ತ ತಿಂಗಳಿಗೆ, ಒಂದು ಗೆರೆ ಸೊಟ್ಟ ಬಂತು ಅಂತ ನನ್ನನ್ನು ಕೆಲಸದಿಂದ ಕಳಿಸಿದಿರಿ. ಆಗ ನನ್ನನ್ನು ಏನೂ ಕೇಳಿರಲಿಲ್ಲ.

ಕುಡಿಕಾರನ್ ಅಂದುಕೊಂಡಿದ್ದರೆ ಹಾಗೇ ಇರಲಿ, ತಿದ್ದಬೇಡಿ. ಕುಡಿತ ಬಿಟ್ಟವನನ್ನು ಜನ ಮತ್ತೆ ಕೆಲಸಕ್ಕೆ ಕರೆಯುತ್ತಾರೆ.

ಕೈ ಕೆಟ್ಟಿಲ್ಲ. ನಿಮ್ಮ ಕಾಗದ ಬಂದ ಮಾರನೇ ದಿನ ಇಲ್ಲೊಂದು ಮನೆ ಒಪ್ಪಿಕೊಂಡೆ. ಕೆಳಗೂ ಮೇಲೂ. ಮುಗಿಸಿದ ಮೇಲೆ ಬಂದು ತಟ್ಟಿ ನೋಡಿ.

ಶಿವಲಿಂಗಂ


ಹರೂರು
3 ಜುಲೈ 2024

ಒಡೆದೆ. ಬಚ್ಚಲು ಪೂರ್ತಿ, ಮಲಗುವ ಕೋಣೆಯಲ್ಲಿ ಐದು ಸಾಲು. ಬೈಯಬೇಕೆಂದು ಕೂತವನು ಬೇರೆ ಏನನ್ನೋ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ಅಡಿಯಲ್ಲಿ ಗಾರೆಯ ಹಾಸಿಗೆಯೇ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಉಂಡೆ, ನಡುವೆ ಒಂದು, ಮೇಲೆ ಟೈಲ್ಸ್ ಕೂರಿಸಿದ್ದೀಯ. ಸಿಮೆಂಟ್ ಹಾಲು ಹುಯ್ದಿಲ್ಲ, ಒಣ ಸಿಮೆಂಟು ಉದುರಿಸಿದ್ದೀಯ. ಇದನ್ನು ಸೋಮಾರಿಗಳು ಮಾಡುತ್ತಾರೆ. ನೀನು ಸೋಮಾರಿಯಲ್ಲ ಅನ್ನುವುದು ನನಗೆ ಗೊತ್ತಿದ್ದುದರಿಂದ ಕೈಗೆ ಬಂದ ಟೈಲ್ಸ್ ಎಸೆಯದೆ ತಿರುಗಿಸಿ ನೋಡಿದೆ.

ದಿನದ ಮೊದಲನೇ ಟೈಲ್ಸಿನ ಬೆನ್ನಿಗೆ ಅರಿಶಿನದ ಬೊಟ್ಟಿಟ್ಟು ಪೆನ್ಸಿಲಿನಲ್ಲಿ ತಾರೀಖು ಹಾಕುವುದನ್ನು ನೀನು ಬಿಟ್ಟಿಲ್ಲ. ನಾನು ಬಿಟ್ಟು ವರ್ಷಗಳಾದವು. ನಿನ್ನಕ್ಕ ಬೊಟ್ಟಿಡುತ್ತಿದ್ದಳು, ಅವಳು ಹೋದ ಮೇಲೆ ಯಾರಿಡುತ್ತಾರೆ ಅಂತ. ಹೊರಗೆ ಬೇವಿನ ಕೆಳಗೆ ತಾರೀಖಿನ ಟೈಲ್ಸ್‌ಗಳನ್ನೆಲ್ಲ ಸಾಲಾಗಿ ಜೋಡಿಸಿದೆ. ಎರಡು ತಾರೀಖಿನ ನಡುವೆ ಎಷ್ಟು ಬಂದಿವೆ ಅಂತ ಎಣಿಸಿದೆ. ಮಲಗುವ ಕೋಣೆಯಲ್ಲಿ ಜನವರಿ ಆರಕ್ಕೆ ಇಪ್ಪತ್ತೆರಡು. ಏಳಕ್ಕೆ ಹದಿನಾಲ್ಕು. ನಡುವೆ ನಾಲ್ಕು ದಿನ ಬರಲೇ ಇಲ್ಲ. ಹನ್ನೆರಡಕ್ಕೆ ಹನ್ನೊಂದು. ಬಚ್ಚಲಿನಲ್ಲಿ ಒಂಬತ್ತು, ಆರು, ಐದು, ಆರು, ನಾಲ್ಕು. ಕೊನೆಯ ದಿನ ಎರಡು. ಮೂವತ್ತೆರಡು ಟೈಲ್ಸಿನ ಬಚ್ಚಲು ಶಿವಲಿಂಗ, ನಿನಗೆ ಮಧ್ಯಾಹ್ನದ ಊಟದೊಳಗಿನ ಕೆಲಸ.

ಕುಡಿದವನ ಕೆಲಸ ಒಂದು ದಿನ ಹಾರುತ್ತದೆ, ಒಂದು ದಿನ ಬೀಳುತ್ತದೆ. ಹೀಗೆ ಮೆಟ್ಟಿಲು ಇಳಿದ ಹಾಗೆ ಇಳಿಯುವುದಿಲ್ಲ.

ಪೊನ್ನಮ್ಮನನ್ನು ಕೇಳಿದೆ, ಆ ಮೇಸ್ತ್ರಿ ಹೇಗಿದ್ದ ಅಂತ. "ಬಕೆಟ್ ಬೋರಲಾಕ್ಕೊಂಡು ಅದ್ರ ಮ್ಯಾಲೆ ಕೂತ್ಕೊಂಬುಟ್ಟು ಬಾಯ್ ತೆಕ್ಕೊಂಡು ಉಸ್ರೆಳೀತಿದ್ದ ಕಣಪ್ಪ, ಮೀನಿನಂಗೆ. ನೀರ್ ಕೊಟ್ರೆ ಕುಡ್ಯಾಕೂ ಉಸ್ರಿರ್ಲಿಲ್ಲ. ನಮ್ ಮಗ ಕುಡುದವ್ನೆ ಅಂದ. ನಂಗೆ ವಾಸ್ನೆ ಬರ್ನಿಲ್ಲ" ಎಂದಳು.

ಏನಾಗಿದೆ ನಿನಗೆ? ಡಾಕ್ಟರಿಗೆ ತೋರಿಸಿದೆಯಾ? ಒಪ್ಪಿಕೊಂಡ ಮನೆಯ ಕೆಲಸ ಶುರು ಮಾಡಿದ್ದೀಯಾ? ಮಾಡಿದ್ದರೆ ಟೈಲ್ಸ್ ಕುಯ್ಯುವವರು ಯಾರು?

ನಾರಪ್ಪ


ತಾರಮಂಗಲ
14 ಜುಲೈ

ಬಾವನಿಗೆ,

ಕಂಡುಹಿಡಿದುಬಿಟ್ಟಿರಿ. ಬೇರೆ ಯಾರೇ ಒಡೆದಿದ್ದರೂ ಬೈದು ಮಣ್ಣಿಗೆ ಹಾಕುತ್ತಿದ್ದರು.

ಎರಡು ವರ್ಷದಿಂದ ಮೇಲುಸಿರು. ಫೋನಿನಲ್ಲಿ ಒಂದು ಮಾತಾಡಿದರೆ ನಾಲ್ಕು ಕೆಮ್ಮು, ಅದಕ್ಕೇ ಎತ್ತುವುದಿಲ್ಲ. ಬೇರೆ ಕೋಪ ಏನಿಲ್ಲ. ನಾಲ್ಕು ಸಾಲು ಬರೆದು ಮಲಗಿ, ಎದ್ದು ಮತ್ತೆ ನಾಲ್ಕು ಸಾಲು ಬರೆಯುತ್ತೇನೆ. ಆಸ್ಪತ್ರೆಯಲ್ಲಿ ಎದೆಯ ಫಿಲಂ ತೆಗೆದರು. ಕಫದಲ್ಲಿ ಏನೂ ಸಿಗಲಿಲ್ಲ. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದರು. ನಮ್ಮಕ್ಕ ಟಿಬಿಯಲ್ಲೇ ಹೋದಳು ಅಂದೆ. ಹಾಗಾದರೆ ಅದೇ ಇರಬಹುದು ಎಂದು ಗುಳಿಗೆ ಶುರು ಮಾಡಿದ್ದಾರೆ. ನಾಲ್ಕು ತಿಂಗಳಾಯಿತು. ತಿಂದದ್ದೆಲ್ಲ ವಾಂತಿ. ಈಗ ಡಾಕ್ಟರಿಗೇ ಅನುಮಾನ ಬಂದು, ಅಕ್ಕನ ಚೀಟಿ ಇದ್ದರೆ ತಂದು ತೋರಿಸು ಎನ್ನುತ್ತಿದ್ದಾರೆ. ಅದು ನಿಮ್ಮ ಹತ್ತಿರ ಇದೆಯಲ್ಲ. ಅವತ್ತು ಆಸ್ಪತ್ರೆ ಬಾಗಿಲಲ್ಲಿ ನೀವೇ ಓದಿ ಹೇಳಿದಿರಿ. ಕಳಿಸಿ.

ಕೆಲಸ ಶುರು ಮಾಡಿದೆ. ಕುಯ್ಯುವುದು ನಾನೇ, ಕೂತ ಕಡೆ ಆಗುವ ಕೆಲಸ ಅದೊಂದೇ. ಹಾಸುವುದಕ್ಕೆ ಇಬ್ಬರಿದ್ದಾರೆ. ಎದೆಗೆ ತಂಡಿ ತಗುಲಬಾರದು ಅಂತ ನಮ್ಮನೆಯವಳು ಜ್ಯೋತಿಲಕ್ಷ್ಮಿಯದು ಹಠ. "ಕದ ಆಕ್ಕೊಂಡು ಕುಯ್ಯಿ, ತಣ್ಣೀರ್ ಮುಟ್ಬ್ಯಾಡ" ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಹಾಗೇ ಮಾಡುತ್ತಿದ್ದೇನೆ. ಕೈ ಸರಿಯಾಗಿದೆ. ಮೊನ್ನೆ ಮೆಟ್ಟಿಲಿನ ಮೂತಿ ಕುಯ್ದೆ, ಕೂದಲೆಳೆಯಷ್ಟೂ ಚಕ್ಕೆ ಏಳಲಿಲ್ಲ.

ಶಿವಲಿಂಗಂ


ಹರೂರು
25 ಜುಲೈ 2024

ಶಿವಲಿಂಗ, ನಿನ್ನ ಕಾಗದ ತಲುಪಿತು. ಚೀಟಿ ಟ್ರಂಕಿನಲ್ಲಿ ಎಲ್ಲೋ ಇರಬೇಕು, ಟ್ರಂಕು ಊರಿನಲ್ಲಿದೆ, ನಾನು ಇಲ್ಲಿದ್ದೇನೆ. ಹುಡುಕುತ್ತೇನೆ.

ಇಲ್ಲಿ ಬಚ್ಚಲಿಗೆ ಹೊಸದಾಗಿ ಗಾರೆ ಹಾಕಿ ವಾಟ ಕೊಟ್ಟೆ. ಒಂದು ಚೊಂಬು ನೀರು ಬಾಗಿಲಲ್ಲಿ ಚೆಲ್ಲಿದರೆ ತಾನೇ ದಾರಿ ಕೇಳಿಕೊಂಡು ಜಾಲರಿಗೆ ಹೋಗುತ್ತದೆ. ವಾಟರ್ ಫೈಂಡ್ಸ್ ಇಟ್ಸ್ ಲೆವೆಲ್ ಅಂತ ಫಿಸಿಕ್ಸಿನವರು ಹೇಳುತ್ತಿದ್ದರು, ಪೂರ್ತಿ ವಾಕ್ಯ ಬೇರೆ ಇತ್ತು. ಮಲಗುವ ಕೋಣೆಗೆ ಅದೇ ಬಣ್ಣದ ಟೈಲ್ಸ್ ಸಿಗುತ್ತಿಲ್ಲ, ಸೇಲಂಗೆ ಹೋಗಿ ಎರಡು ದಿನ ಅಲೆದೆ. ಸಿಕ್ಕಿದ್ದು ಒಂದು ಕಣ್ಣಳತೆ ಮಾಸಲು. ಮಂಚದ ಅಡಿಗೆ ಹೋಗುವ ಸಾಲಿಗೆ ಹಾಕಿದರೆ ತಿಳಿಯುವುದಿಲ್ಲ. ವಿಶ್ವನಾಥನ್ ಗ್ರೌಟಿಗೆ ಬಿಳಿ ಬೇಕು ಅಂದರು. ಬಿಳಿ ಬೇಡ, ಒಂದೇ ವರ್ಷಕ್ಕೆ ಹಲ್ಲಿನ ಹಾಗೆ ಹಳದಿಯಾಗುತ್ತದೆ ಅಂದೆ. ಇಂಥದೇ ಮಾತು, ಬರೆಯಲು ಬೇರೆ ಏನಿದೆ.

ಒಂದು ಹೇಳುತ್ತೇನೆ, ಜ್ಯೋತಿಲಕ್ಷ್ಮಿಗೂ ಹೇಳು. ಕುಯ್ಯುವಾಗ ಬಾಗಿಲು ತೆರೆದಿಡು. ಮಿಷನ್ ಹಲ್ಲಿಗೆ ನೀರು ಬಿಟ್ಟುಕೊಂಡು ಕುಯ್ಯಿ, ಅಥವಾ ಬಯಲಿಗೆ ಹೋಗಿ ಕುಯ್ಯಿ. ಕುಯ್ಯುವುದನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. ಹಿರಿಯನ ಮಾತು ಅಂತ ಕೇಳು, ಕಾರಣ ಕೇಳಬೇಡ.

ನಾರಪ್ಪ


ತಾರಮಂಗಲ
9 ಆಗಸ್ಟ್

ಬಾವ,

ಚೀಟಿ ಬರಲಿಲ್ಲ.

ನೀರು ಹಾಕು ಅಂದಿದ್ದೀರಿ. ಇಪ್ಪತ್ತು ವರ್ಷ ನಾವು ಒಣದಾಗೇ ಕುಯ್ದೆವು. ನೀರು ಹಾಕಿದರೆ ಬಳಿದ ಗೋಡೆಗೆ ಕೆಸರು ಸಿಡಿಯುತ್ತದೆ ಅಂತ ಬೈಯುತ್ತಿದ್ದವರು ನೀವೇ. ಈಗ ಕಾರಣ ಕೇಳಬೇಡ ಅಂದರೆ ಜ್ಯೋತಿಲಕ್ಷ್ಮಿಗೆ ಏನು ಹೇಳಲಿ? ಅವಳು ಕೇಳುವುದಿಲ್ಲ. ಬಾಗಿಲು ಮುಚ್ಚಿಯೇ ಇದೆ.

ಕೆಳಗಿನದು ಮುಗಿಯಿತು. ಕಣ್ಣು ಹಳದಿಯಾಗಿದೆ, ಗುಳಿಗೆಯಿಂದ ಅನ್ನುತ್ತಾರೆ. ಬೇಗ ಕಳಿಸಿ.

ಶಿವಲಿಂಗಂ


ಹರೂರು
18 ಆಗಸ್ಟ್ 2024

ಚೀಟಿ ಇದರ ಜೊತೆಗಿದೆ. ಅದು ಟ್ರಂಕಿನಲ್ಲಿ ಇರಲೇ ಇಲ್ಲ, ಆರು ವರ್ಷದಿಂದ ನನ್ನ ಜೇಬಿನ ಪರ್ಸಿನಲ್ಲಿದೆ. ಮಡಿಕೆಯಲ್ಲಿ ಹರಿದಿದ್ದಕ್ಕೆ ಟೇಪು ಹಚ್ಚಿದ್ದೇನೆ. ಹೋದ ಕಾಗದದಲ್ಲೇ ಕಳಿಸಬಹುದಿತ್ತು.

ಅದರಲ್ಲಿ ಟಿಬಿ ಅಂತ ಬರೆದಿಲ್ಲ, ಶಿವಲಿಂಗ.

ಮೊದಲಿನಿಂದ ಹೇಳುತ್ತೇನೆ. ನಿನ್ನಕ್ಕ ಮುನಿಲಕ್ಷ್ಮಿಯನ್ನು ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು, "ಇವಂಗ ಎನ್ನ ವೇಲೆ?" ಅಂತ ಕೇಳಿದರು, ಏನು ಕೆಲಸ ಮಾಡುತ್ತಾರೆ ಅಂತ. ನಾನು ಬಿಳಿ ಷರಟು ಹಾಕಿಕೊಂಡು ಹೋಗಿದ್ದೆ. "ಹೌಸ್‌ವೈಫ್, ಸರ್" ಅಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿ, ಎಲ್ಲಿಯವರೆಗೆ ಓದಿದ್ದೀರಿ ಅಂತ ವಿಚಾರಿಸಿದರು. ಬಿ.ಎ. ಫಸ್ಟ್ ಇಯರ್ ಅಂದೆ. ನನಗೆ ಕುರ್ಚಿ ಕೊಟ್ಟರು. ಕಾಲೇಜಿಗೆ ಹೋದವನು ಹೆಂಡತಿಯನ್ನು ಸಿತ್ತಾಳು, ಗಾರೆಯ ಕೈಯಾಳು, ಮಾಡಿಕೊಂಡು, ಬಾಂಡಲಿ ಹೊರಿಸಿ, ಮುಚ್ಚಿದ ಕೋಣೆಯಲ್ಲಿ ಟೈಲ್ಸ್ ಹಿಡಿಸಿ, ಧೂಳು ಗುಡಿಸಿಸುತ್ತಾನೆ ಅಂತ ಆ ಕುರ್ಚಿಯಲ್ಲಿ ಕೂತು ಹೇಳಲಾಗಲಿಲ್ಲ. ಅವಳು ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ತಿಳಿಯಲಿಲ್ಲ. ಎಂಟು ತಿಂಗಳು ಟಿಬಿ ಗುಳಿಗೆ ನುಂಗಿದಳು.

ಕೊನೆಗೆ ಇನ್ನೊಬ್ಬ ಡಾಕ್ಟರು ಫಿಲಂ ಬೆಳಕಿಗೆ ಹಿಡಿದು, ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದರಾ ಅಂತ ಕೇಳಿದರು. ಇದು ಕಲ್ಲಿನ ಧೂಳು, ಶ್ವಾಸಕೋಶದಲ್ಲಿ ಗಾರೆ ಕಟ್ಟಿದ ಹಾಗೆ ಕಟ್ಟಿದೆ, ಟಿಬಿ ಇರಲೇ ಇಲ್ಲ, ಅವರ ಜೊತೆ ಕುಯ್ಯುವವರು ಯಾರಿದ್ದರೂ ಕರೆದುಕೊಂಡು ಬನ್ನಿ ಅಂದರು. ಅದನ್ನೇ ಇಂಗ್ಲಿಷಿನಲ್ಲಿ ಚೀಟಿಯ ಮೇಲೆ ಬರೆದರು. ನಾನು ಹೊರಗೆ ಬಂದೆ. ಬಾಗಿಲಲ್ಲಿ ನೀನು ನಿಂತಿದ್ದೆ. "ಏನ್ ಬರ್ದವ್ರೆ ಬಾವ?" ಅಂದೆ. ನಾನು ಚೀಟಿ ಬಿಡಿಸಿ, ಬೆರಳಿಟ್ಟು, ಟಿಬಿ ಅಂತ ನಿನಗೆ ಓದಿ ಹೇಳಿದೆ.

ಯಾಕೆ ಅಂತ ಕೇಳಿದರೆ, ನಿಜ ಓದಿದ್ದರೆ ನೀನು ನೀರಿನ ಮಾತೆತ್ತುತ್ತಿದ್ದೆ. ಒಡಹುಟ್ಟಿದವಳನ್ನು ಕೊಂದದ್ದು ನಿನ್ನ ಮಿಷನ್ನು ಅನ್ನುತ್ತಿದ್ದೆ. ಆ ಮಾತನ್ನು ಅವತ್ತು ಕೇಳಲಾರೆ ಅನ್ನಿಸಿತು. ನಾಳೆ ಹೇಳೋಣ ಅಂದುಕೊಂಡೆ. ಅವಳ ಕಾರ್ಯವೆಲ್ಲ ಮುಗಿದ ಮೇಲೆ ನಿನ್ನ ಮುಖ ನೋಡುವುದೇ ಆಗದೆ, ಒಂದು ಗೆರೆ ಸೊಟ್ಟ ಅಂತ ನೆವ ಹುಡುಕಿ ಕಳಿಸಿದೆ. ಗೆರೆ ನೆಟ್ಟಗೇ ಇತ್ತು.

ಡಾಕ್ಟರಿಗೂ ಒಂದು ಕಾಗದ ಇಟ್ಟಿದ್ದೇನೆ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ. ನನ್ನ ಹೆಂಡತಿ ಟೈಲ್ಸ್ ಧೂಳಿನಿಂದ ಸತ್ತಳು, ಇವನು ಅದೇ ಕೋಣೆಗಳಲ್ಲಿ ಅದೇ ಧೂಳು ಕುಡಿದವನು, ಟಿಬಿ ಎಂದು ಸುಳ್ಳು ಹೇಳಿದವನು ನಾನು, ಇವನಲ್ಲ ಅಂತ. ಗ್ರಾಮರ್ ತಪ್ಪಿರಬಹುದು. ಇವತ್ತೇ ಕೆಲಸ ನಿಲ್ಲಿಸು. ಇವತ್ತೇ.

ನಾರಪ್ಪ


ತಾರಮಂಗಲ
6 ಸೆಪ್ಟೆಂಬರ್

ಎರಡೂ ಕಾಗದ ತೋರಿಸಿದೆ. ಗುಳಿಗೆ ನಿಲ್ಲಿಸಿದರು. ಅದರ ಬದಲಿಗೆ ಏನು ಕೊಡುತ್ತೀರಿ ಅಂತ ಜ್ಯೋತಿಲಕ್ಷ್ಮಿ ಕೇಳಿದಳು. ಇದಕ್ಕೆ ಗುಳಿಗೆ ಇಲ್ಲವಂತೆ. ಉಸಿರು ತೀರಾ ಕಟ್ಟಿದಾಗ ಮೂಗಿಗೆ ಹಾಕುವ ಗಾಳಿ ಇದೆಯಂತೆ. ಆರು ವರ್ಷದ ಹಿಂದೆ ಬಂದಿದ್ದರೆ ಕುಯ್ಯುವುದು ಬಿಡಿಸಿ ಇಷ್ಟಕ್ಕೆ ಬರದ ಹಾಗೆ ನೋಡಬಹುದಿತ್ತು ಅಂದರು.

ಮನೆಗೆ ಬರಬೇಡ. ಇವಳು ಏನು ಮಾಡುತ್ತಾಳೋ ನನಗೇ ತಿಳಿಯದು. ಬಾಗಿಲು ಮುಚ್ಚಿಸಿದ್ದು ನಾನೇ ಅಂತ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ.

ಒಂದೇ ಕೇಳುತ್ತೇನೆ. ಅಕ್ಕನಿಗೆ ಗೊತ್ತಿತ್ತಾ? ಸುಳ್ಳು ಬೇಡ.

ಶಿವಲಿಂಗಂ


ಹರೂರು
15 ಸೆಪ್ಟೆಂಬರ್ 2024

ಬರಬೇಡ ಅಂದೆ, ಬರುವುದಿಲ್ಲ. ಸುಳ್ಳೂ ಇಲ್ಲ.

ಇವತ್ತು ಇಲ್ಲಿಯ ಕೆಲಸ ಮುಗಿಯಿತು. ಕೊನೆಯ ಗ್ರೌಟು ಒರೆಸಿ ಬಚ್ಚಲಿನ ಹೊಸಿಲಲ್ಲಿ ಕೂತು ಬರೆಯುತ್ತಿದ್ದೇನೆ. ಮೇಲೆ ಸಣ್ಣದೊಂದು ಕಿಟಕಿ ಇದೆಯಲ್ಲ, ಅದರ ಬೆಳಕೇ ಬೆಳಕು. ಕರೆಂಟಿನ ತಂತಿ ಎಳೆಯುವವನು ಇನ್ನೂ ಬಂದಿಲ್ಲ. ವಿಶ್ವನಾಥನ್ ಬಂದು ಬರಿಗಾಲಲ್ಲಿ ಓಡಾಡಿ ನೋಡಿ, "ಅಂದ ಕುಡಿಕಾರನ್ ಇದೈ ಪಾಕ್ಕಣುಂ", ಆ ಕುಡುಕ ಇದನ್ನು ನೋಡಬೇಕು ಅಂದರು. ನೀನು ತಿದ್ದಬೇಡ ಅಂದಿದ್ದೆ. ಈಗ ಆ ಮಾತಿಗೆ ಬೆಲೆಯಿಲ್ಲ ಅಂತ ಹೇಳಿಬಿಟ್ಟೆ. ಅವನು ಕುಡುಕನಲ್ಲ, ಉಸಿರಿಲ್ಲದವನು, ಕಾಯಿಲೆ ತಂದದ್ದು ನಾನು ಅಂದೆ. ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ ನಿಂತರು. ಪೊನ್ನಮ್ಮ ಮಾತ್ರ ಹತ್ತಿರ ಬಂದು, "ನೀನೂ ಕೆಮ್ತೀಯಲ್ಲ ಮೇಸ್ತ್ರಿ" ಅಂದಳು. ಹೌದು, ಬೆಳಗಿನ ಹೊತ್ತು. ಅದು ನನ್ನ ವಿಷಯ, ಬಿಡು.

ನೀನು ಕೇಳಿದ್ದಕ್ಕೆ ಬರುತ್ತೇನೆ. ಸುತ್ತಿ ಸುತ್ತಿ ಬರೆಯುವುದು ನನಗೆ ಮೊದಲಿನಿಂದ ಅಭ್ಯಾಸ.

ಆಸ್ಪತ್ರೆಯಿಂದ ಬಂದ ರಾತ್ರಿಯಲ್ಲ, ಮಾರನೇ ದಿನ ಮಧ್ಯಾಹ್ನ. ಗಂಜಿ ಕುಡಿಸುತ್ತಿದ್ದೆ. ನಿನ್ನಕ್ಕ ಕೈ ಹಿಡಿದು ನಿಲ್ಲಿಸಿದಳು. "ಚೀಟೀಲಿ ಧೂಳು ಅಂತೇನಾರ ಬರ್ದವ್ರಾ?" ಅಂತ ಕೇಳಿದಳು. ಅವಳಿಗೆ ಯಾರೂ ಹೇಳಿರಲಿಲ್ಲ, ತಾನೇ ಅಂದಾಜು ಮಾಡಿದ್ದಳು. ದಿನಾ ಗುಡಿಸಿದವಳಲ್ಲವಾ. "ಧೂಳಾಗಿದ್ರೆ ಏಳ್ಬುಡು. ನಂಗಂತೂ ಆಗೋಯ್ತು. ನನ್ ತಮ್ಮುನ್ನ ಈ ಕೆಲ್ಸ ಬಿಡುಸ್ಬುಡು, ತರಿ ಮಗ್ಗ ನೇಯಾಕಾದ್ರೂ ಓಗ್ಲಿ" ಅಂದಳು.

ನಾನು ಟಿಬಿ ಅಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲವಾಯಿತು. "ಅಂಗಾರೆ ಸರಿ. ಶಿವೂಗೆ ಏನೂ ಆಗಾಕಿಲ್ಲ" ಅಂದು ಗಂಜಿಗೆ ಬಾಯಿ ತೆರೆದಳು. ಪೂರ್ತಿ ಕುಡಿದಳು. ಆಮೇಲೆ ಇನ್ನೊಂದು ಮಾತು ಹೇಳಿದಳು, ಅದು ನಿನಗೇ ಹೇಳಿದ್ದು, ಬರೆಯಬೇಕು. ಆದರೆ ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ, ಈ ಸಾಲು ಹಿಂದಿನ ಸಾಲಿನ ಮೇಲೇ ಹತ್ತುತ್ತಿದೆಯೋ ಏನೋ, ಅದನ್ನು ನಾಳೆ ಬರೆಯುತ್ತೇನೆ

ನಾರಪ್ಪ